ಮನೆಯೂ ನಮ್ಮದು, ಸಾಲವೂ ನಮ್ಮದು

ಆಸ್ಟ್ರಿಯಾ ದೇಶದಲ್ಲಿ ಪ್ರಾಯಕ್ಕೆ ಬಂದ ತರುಣರಿಗೆ ಸೇನಾಸೇವೆ ಕಡ್ಡಾಯ. ಈಚಿನ ವರ್ಷಗಳಲ್ಲಿ ಅದರ ಅವಧಿ 6 ತಿಂಗಳು. ಬಂದೂಕು ಹಿಡಿಯಲು ಮನಸ್ಸೊಪ್ಪದವರು 9 ತಿಂಗಳು ಆಂಬುಲೆನ್ಸಿನಲ್ಲೋ ವೃದ್ಧಾಶ್ರಮದಲ್ಲೋ ದುಡಿಯಬಹುದು. ಇವೆರಡಲ್ಲದೆ ಮೂರನೆಯ ದಾರಿಯೊಂದಿದೆ. ಹೊರದೇಶಕ್ಕೆ ಹೋಗಿ, ನಾಜಿಗಳು ಕೊಂದ ಯಹೂದಿಯರ ಹಾಗೂ ಇತರರ ಸ್ಮಾರಕಗಳಲ್ಲಿ ಕನಿಷ್ಠ 10 ತಿಂಗಳು ಕೆಲಸ ಮಾಡುವುದು. ಹಳೆಯ ದಾಖಲೆಗಳನ್ನು ವಿಂಗಡಿಸುವುದು, ಜರ್ಮನ್ ಪತ್ರಗಳನ್ನು ಅನುವಾದಿಸುವುದು, ಬದುಕುಳಿದ ವೃದ್ಧರ ಪಕ್ಕದಲ್ಲಿ ಕುಳಿತು ಅವರ ಮಾತು ಕೇಳುವುದು ಅಲ್ಲಿನ ಕೆಲಸ. ಮೂರರಲ್ಲಿ ಇದೇ ದೀರ್ಘವಾದದ್ದು. ಆದರೂ ಇದನ್ನೇ ಆರಿಸಿಕೊಳ್ಳುವ ತರುಣರಿದ್ದಾರೆ.

ಈ ದಾರಿ ಸುಲಭವಾಗಿ ತೆರೆಯಲಿಲ್ಲ. ಯುದ್ಧಾನಂತರ ದಶಕಗಳ ಕಾಲ ಆಸ್ಟ್ರಿಯಾ ತನ್ನನ್ನು ಹಿಟ್ಲರನ ಮೊದಲ ಬಲಿಪಶು ಎಂದೇ ಹೇಳಿಕೊಳ್ಳುತ್ತಿತ್ತು. ಅಲ್ಲಿನ ಸುಮಾರು 65,000 ಯಹೂದಿಯರು ಹತರಾಗಿದ್ದರೂ, ಕೊಂದವರಲ್ಲಿ ತನ್ನವರೂ ಇದ್ದರೆಂಬುದನ್ನು ಅದು ಒಪ್ಪಲು ಸಿದ್ಧವಿರಲಿಲ್ಲ. ಇನ್ಸ್‌ಬ್ರುಕ್‌ನ ರಾಜ್ಯಶಾಸ್ತ್ರಜ್ಞ ಆಂಡ್ರೆಯಾಸ್ ಮೈಸ್ಲಿಂಗರ್ ಈ ಸೇವೆಗಾಗಿ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಬೇಕಾಯಿತು. 1991ರ ಜುಲೈಯಲ್ಲಿ ಚಾನ್ಸಲರ್ ಫ್ರಾಂಟ್ಸ್ ವ್ರಾನಿಟ್ಸ್ಕಿ ಸಂಸತ್ತಿನಲ್ಲಿ ತಮ್ಮ ಜನರ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. 1992ರಲ್ಲಿ ಮೊದಲ ತರುಣ ಆಶ್‌ವಿಟ್ಜ್‌ಗೆ ಹೊರಟ.

ತಾತಂದಿರ ತಪ್ಪಿಗೆ ಮೊಮ್ಮಕ್ಕಳೇಕೆ ತಲೆತಗ್ಗಿಸಬೇಕು ಎಂದು ಕೇಳಬಹುದು. ತಪ್ಪು ಅವರದಲ್ಲ, ನಿಜ. ಆದರೆ ಹಿರಿಯರ ಮನೆಯಲ್ಲಿ ಪಾಲು ಕೇಳುವವನು ಹಿರಿಯರ ಸಾಲಕ್ಕೂ ಹೆಗಲು ಕೊಡಬೇಕಾಗುತ್ತದೆ. ಮನೆ ನನ್ನದು, ಸಾಲ ಯಾರದೋ ಎನ್ನುವ ವಾರಸುದಾರನನ್ನು ಯಾವ ಊರೂ ಗೌರವಿಸುವುದಿಲ್ಲ. ಗಡಿ ಕಾಯುವ ಯೋಧನ ಬಗೆಗೆ ನನಗೆ ಪೂರ್ಣ ಗೌರವವಿದೆ. ಆದರೆ ದೇಶದ ಆತ್ಮಸಾಕ್ಷಿಗೂ ಕಾವಲು ಬೇಕು, ಆ ಕಾವಲೂ ದೇಶಸೇವೆಯೇ ಎಂದು ಒಂದು ಸರ್ಕಾರ ಕಾನೂನಿನಲ್ಲಿಯೇ ಬರೆದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನಾವಿರುವ ಗುಜರಾತಿಗೂ ಆ ಯುದ್ಧದ ಒಂದು ನೆನಪು ಅಂಟಿಕೊಂಡಿದೆ. ಈ ಬೋಡಕ್‌ದೇವ್‌ನಿಂದ ಸುಮಾರು 300 ಕಿಲೋಮೀಟರ್ ದೂರದ ಜಾಮ್‌ನಗರದ ಬಳಿ, ಕಡಲತಡಿಯಲ್ಲಿ, ಬಾಲಾಚಡಿ ಎಂಬ ಊರಿದೆ. ಸ್ಟಾಲಿನ್ನನ ಆಡಳಿತ ಗಡೀಪಾರು ಮಾಡಿದ್ದ ನೂರಾರು ಪೋಲಿಷ್ ಮಕ್ಕಳಿಗೆ 1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅಲ್ಲಿ ಆಶ್ರಯ ಕೊಟ್ಟರು. ವಾರ್ಸಾದಲ್ಲಿ ಇಂದು ಅವರ ನೆನಪಿಗೆ ಒಂದು ಚೌಕವೇ ಇದೆ. ಬಾಲಾಚಡಿಯಲ್ಲಿ ಈಗ ಸೈನಿಕ ಶಾಲೆಯಿದೆ. ಆ ಮಹಾರಾಜರ ಕತೆಯನ್ನು ಅತಿಥಿಗಳಿಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಅದು ನಮ್ಮವರ ಒಳ್ಳೆಯತನದ ನೆನಪು. ಅದನ್ನು ಹೊರಲು ಬೆನ್ನು ಬಾಗಬೇಕಾಗಿಲ್ಲ.

ಬೆನ್ನು ಬಾಗಿಸುವ ನೆನಪುಗಳೂ ಇಲ್ಲಿಯೇ ಇವೆ. ಗಾಂಧೀಜಿಯವರ ಜನ್ಮಶತಾಬ್ದಿಯ ನೆಪದಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮ ಎನ್‌ಎಸ್‌ಎಸ್, ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು. ಅದೇ ತಿಂಗಳ 18ರಂದು ಹೊತ್ತಿಕೊಂಡ ಕೋಮುಗಲಭೆಯಲ್ಲಿ ಗಾಂಧೀಜಿಯವರ ಅಹಮದಾಬಾದಿನಲ್ಲಿ ನೂರಾರು ಜನ ಸತ್ತಿದ್ದರು. ಎನ್‌ಎಸ್‌ಎಸ್ ಸೇರಿದ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಗಿಡ ನೆಡುತ್ತಾರೆ, ರಕ್ತದಾನ ಮಾಡುತ್ತಾರೆ, ಬೀದಿ ಗುಡಿಸುತ್ತಾರೆ. ಎಲ್ಲವೂ ಒಳ್ಳೆಯದೇ. ಅದರಲ್ಲಿ 40 ಗಂಟೆಯನ್ನಾದರೂ ಆ ದಿನಗಳನ್ನು ಕಂಡು ಇನ್ನೂ ಬದುಕಿರುವ ಮುದುಕರ ಮಾತು ಬರೆದುಕೊಳ್ಳಲು ಏಕೆ ಮೀಸಲಿಡಬಾರದು? ಇದಕ್ಕೆ ಹೊಸ ಕಾನೂನಾಗಲಿ ಕಡ್ಡಾಯ ಸೇನಾಸೇವೆಯಾಗಲಿ ಬೇಕಿಲ್ಲ.

ಹಾಗೆಂದು ಅನ್ನವಿತ್ತ ಊರಿನ ಗಾಯವನ್ನಷ್ಟೇ ತೋರಿಸಿ ಕೈತೊಳೆದುಕೊಳ್ಳುವ ಹಕ್ಕು ಪರಊರಿನ ಕನ್ನಡಿಗರಾದ ನಮಗಿಲ್ಲ. ನವೆಂಬರ್ ಬಂತೆಂದರೆ ನಮ್ಮ ವೇದಿಕೆಗಳ ಮೇಲೆ ಪುಲಿಕೇಶಿ ಬರುತ್ತಾನೆ, ಕೃಷ್ಣದೇವರಾಯ ಬರುತ್ತಾನೆ. ಕಂಬಾಲಪಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಕಡತ ಮುಚ್ಚಿದರೂ ಸತ್ತವರು ಸತ್ತದ್ದು ಸುಳ್ಳಾಗುವುದಿಲ್ಲ. ಯಾರೂ ಅಪರಾಧಿಗಳೆಂದು ಸಾಬೀತಾಗದ ಸಾವನ್ನು ನೆನಪಿಡುವ ಹೊಣೆ ಸಮಾಜದ ಮೇಲೆ ಇಮ್ಮಡಿಯಾಗಿ ಬೀಳುತ್ತದೆ.

ಹತ್ಯೆಯ ಪ್ರಮಾಣದಲ್ಲಿ ಆಶ್‌ವಿಟ್ಜ್‌ಗೂ ಕಂಬಾಲಪಲ್ಲಿಗೂ ಹೋಲಿಕೆಯಿಲ್ಲ, ಹೋಲಿಸುವುದು ನನ್ನ ಉದ್ದೇಶವೂ ಅಲ್ಲ. ಹೋಲಿಸಬೇಕಾದದ್ದು ಉಳಿದವರ ನಡತೆಯನ್ನು. ಹತ್ತೊಂಬತ್ತರ ಹುಡುಗನೊಬ್ಬ ತನ್ನ ಹಿರಿಯರು ಮಾಡಿದ್ದನ್ನು ಅಪರಿಚಿತರ ಎದುರು ನಿಂತು ಹೇಳಬಲ್ಲ. ನಮ್ಮ ಮಕ್ಕಳಿಗೆ ಆ ಧೈರ್ಯ ಬರಬೇಕಾದರೆ, ಮೊದಲು ನಾವು ಊಟದ ಹೊತ್ತಿನಲ್ಲಿ ಮನೆಯ ಸಾಲದ ಮಾತೆತ್ತಬೇಕು. ಮುಂದಿನ ರಾಜ್ಯೋತ್ಸವದಲ್ಲಿ ಪುಲಿಕೇಶಿಯ ಕತೆ ಮುಗಿದ ಮೇಲೆ ಒಂದು ನಿಮಿಷ ಆ ಏಳು ಜನರಿಗಾಗಿ ಎದ್ದು ನಿಲ್ಲೋಣ ಎಂಬ ಸಲಹೆಯನ್ನು ಸಂಘದ ಸಭೆಯಲ್ಲಿ ಮುಂದಿಡಬೇಕೆಂದಿದ್ದೇನೆ. ಎಷ್ಟು ಜನ ಏಳುತ್ತಾರೋ ನೋಡೋಣ.