ಹಾವನ್ನು ದತ್ತು ತಗೊಳ್ಳೋ ಮುನ್ನ...

ನಾಯಿ ಆಯ್ತು, ಬೆಕ್ಕು ಆಯ್ತು, ಗಿಳಿ ಆಯ್ತು. ಈಗ ಹಾವಿನ ಸರದಿ!

ಮೊನ್ನೆ ನಮ್ಮ ಬ್ರಾಂಚಿನ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಕೇಳಿದ. ಅವನ ಮನೆ ಹತ್ತಿರ ಯಾರೋ ಒಂದು ಹೆಬ್ಬಾವಿನ ಮರಿ ಹಿಡಿದಿದ್ದಾರಂತೆ. "ಸಾರ್, ಅದನ್ನು ಕಾಡಿಗೆ ಬಿಟ್ಟು ಸಾಯಿಸೋದಕ್ಕಿಂತ ನಾನೇ ದತ್ತು ತಗೊಂಡು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದರೆ ಪುಣ್ಯ ಅಲ್ವಾ?" ಪ್ರಶ್ನೆ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ. ಚಿಕ್ಕ ಉತ್ತರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಬೇಡ ಮಾರಾಯ.

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಕಾನೂನು ಮೀರಿ ಹಿಡಿದ, ಸಾಕಿದ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಹೆಬ್ಬಾವು ಇರುವುದು ಮೊದಲನೇ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. 2022ರ ತಿದ್ದುಪಡಿಯ ನಂತರ ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಸಿಕ್ಕಿಬಿದ್ದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. "ನಾನು ಕಾಪಾಡಿದ್ದು ಸಾರ್" ಅಂದರೆ ಮ್ಯಾಜಿಸ್ಟ್ರೇಟರು ಬೆನ್ನು ತಟ್ಟುವುದಿಲ್ಲ.

ಕಾನೂನು ಯಾಕೆ ಇಷ್ಟು ಗಟ್ಟಿ ಅಂತ ಕೇಳುವವರು ಕೇರಳದಲ್ಲಿ ಇರಲಾರರು. 2020ರಲ್ಲಿ ಕೊಲ್ಲಂ ಜಿಲ್ಲೆಯ ಅಂಚಲ್‌ನಲ್ಲಿ ನಡೆದ ಉತ್ರಾ ಕೊಲೆ ನೆನಪಿದೆಯಲ್ಲ? ಗಂಡನೇ ದುಡ್ಡು ಕೊಟ್ಟು ಹಾವು ತಂದು, ಮಲಗಿದ್ದ ಹೆಂಡತಿಗೆ ಕಚ್ಚಿಸಿದ. ಮೊದಲ ಸಲ ಮಂಡಲದ ಹಾವು, ಆಕೆ ಬದುಕಿಕೊಂಡಳು. ಎರಡನೇ ಸಲ ನಾಗರಹಾವು. 2021ರ ಅಕ್ಟೋಬರಿನಲ್ಲಿ ಅವನಿಗೆ ಎರಡು ಜೀವಾವಧಿ ಶಿಕ್ಷೆಯಾಯಿತು. ಆ ಹಾವುಗಳು ಬಂದದ್ದು ಎಲ್ಲಿಂದ? ಹಾವು ಹಿಡಿಯುವವನೊಬ್ಬನ ಕೈಯಿಂದ! ಹಿಡಿದ ಹಾವಿಗೆ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬ್ಯಾಂಕಿನಲ್ಲಿ ಸ್ಟಾಕ್ ರಿಜಿಸ್ಟರ್ ಇಲ್ಲದ ಗೋಡೌನಿಗೆ ನಾವು ಸಾಲ ಕೊಡುತ್ತೇವೆಯೇ?

ಅದೇ 2020ರಲ್ಲಿ ಇಲ್ಲಿನ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ನಿಯಮ ಮಾಡಿ, ತರಬೇತಿ ಕೊಟ್ಟು, ಸರ್ಟಿಫಿಕೇಟ್ ಕೊಡಲು ಶುರುಮಾಡಿತು. 'ಸರ್ಪ' ಅನ್ನುವ ಮೊಬೈಲ್ ಆ್ಯಪ್ ಕೂಡ ಬಂತು. ಮನೆಗೆ ಹಾವು ಬಂದರೆ ಅದರಲ್ಲಿ ತಿಳಿಸಿದರೆ ಹತ್ತಿರದ ಸ್ವಯಂಸೇವಕರು ಬರುತ್ತಾರೆ. ಹಾವಿನ ಬಾಲ ಹಿಡಿದು ವಿಡಿಯೋಗೆ ಪೋಸು ಕೊಡುವ ಕಾಲ ಮುಗಿಯಬೇಕಾದದ್ದು ಸರಿಯೇ. ಸಾವಿರಾರು ಹಾವು ಹಿಡಿದ ನಮ್ಮ ತಿರುವನಂತಪುರದ ವಾವಾ ಸುರೇಶ್ ಅವರೇ 2022ರ ಜನವರಿಯಲ್ಲಿ ಕೋಟ್ಟಯಂ ಬಳಿ ನಾಗರಹಾವನ್ನು ಚೀಲಕ್ಕೆ ತುಂಬುವಾಗ ಕಚ್ಚಿಸಿಕೊಂಡು, ವೆಂಟಿಲೇಟರಿನವರೆಗೆ ಹೋಗಿ ಬಂದರು. ಅಂದಹಾಗೆ ಮಲಯಾಳದಲ್ಲಿ ನಾಗರಹಾವಿಗೆ 'ಮೂರ್ಖನ್' ಅನ್ನುತ್ತಾರೆ. ಈ ಊರಿಗೆ ಹೊಸದಾಗಿ ಬಂದಾಗ ಈ ಹೆಸರು ಕೇಳಿ ನಗು ಬಂದಿತ್ತು. ಈಗ ಅನಿಸುತ್ತದೆ, ಹೆಸರು ಹಾವಿಗಲ್ಲ, ಅದನ್ನು ಕೆಣಕಿದವನಿಗೆ ಇರಬೇಕು!

ಇನ್ನು ಎರಡನೇ ವರ್ಗ: ವಿದೇಶಿ ಹಾವು. ಅಂಗಡಿಯವರು 'ಬಾಲ್ ಪೈಥಾನ್' ಅಂತ ಮಾರುವುದು ಆಫ್ರಿಕಾದ ಹೆಬ್ಬಾವು. ಇಂಥವು ಹೇಗೆ ಬರುತ್ತವೆ ನೋಡಿ. 2023ರ ಆಗಸ್ಟಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವುಗಳ ಜೊತೆ ಒಂದು ಕಾಂಗರೂ ಮರಿ ಕೂಡ, ಅದು ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಹಳದಿ ಅನಕೊಂಡಗಳು! ಕೊಳ್ಳುವವರು ಇರುವುದರಿಂದಲೇ ಇವು ಬರುತ್ತವೆ. ಹೀಗೆ ಬಂದು, ಸಾಕಿದವನಿಗೆ ಬೇಸರವಾಗಿ, ನಿಮ್ಮ ಕೈಗೆ 'ಪಾಪ, ತಗೊಳ್ಳಿ' ಅಂತ ಬರುವ ಹಾವೂ ಉಂಟು.

ಅಂಥದ್ದು ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ? 2020ರಲ್ಲಿ ಕೇಂದ್ರ ಸರ್ಕಾರ ತಾವಾಗಿಯೇ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. 2024ರ ಫೆಬ್ರವರಿಯಲ್ಲಿ ನಿಯಮವನ್ನೇ ತಂದು, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು 'ಪರಿವೇಶ್' ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ ಹೇಳಿತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಕೈ ಬದಲಾದರೂ ತಿಳಿಸಬೇಕು. ಕಾಗದಪತ್ರ ಇಲ್ಲದ ಹಾವನ್ನು ದತ್ತು ತಗೊಳ್ಳೋದು ಅಂದರೆ ಕೆವೈಸಿ ಇಲ್ಲದ ಖಾತೆ ತೆರೆದ ಹಾಗೆ. ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು, ಹೊರಗೆ ಬಿಡುವುದು. ಅಮೆರಿಕದ ಫ್ಲೋರಿಡಾದಲ್ಲಿ ಜನ ಸಾಕಿ ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುಕಾಡಿನ ಮೊಲ, ರಕೂನ್‌ಗಳನ್ನು ತಿಂದು ಬರಿದು ಮಾಡಿಬಿಟ್ಟಿವೆ.

ಸರಿ, ಕಾಗದ ಎಲ್ಲ ಸರಿ ಇದೆ ಅಂತಲೇ ಇಟ್ಟುಕೊಳ್ಳಿ. ಸಾಕುವುದು ಸುಲಭವೇ? ಹಾವು ತನ್ನ ಮೈ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಪೆಟ್ಟಿಗೆಯ ಒಂದು ತುದಿ ಮೂವತ್ತೊಂದು ಮೂವತ್ತೆರಡು ಡಿಗ್ರಿ, ಇನ್ನೊಂದು ತುದಿ ಇಪ್ಪತ್ತೈದು ಇಪ್ಪತ್ತಾರು. ಎರಡೂ ಕಡೆ ಅಡಗಿಕೊಳ್ಳಲು ಗೂಡು. ತೇವ ಕಡಿಮೆಯಾದರೆ ಪೊರೆ ಸರಿಯಾಗಿ ಕಳಚುವುದಿಲ್ಲ, ಹೆಚ್ಚಾಗಿ ಗಾಳಿ ಆಡದಿದ್ದರೆ ಶ್ವಾಸಕೋಶಕ್ಕೆ ಸೋಂಕು. ಊಟಕ್ಕೆ ಇಲಿ. ಮನೆಯವಳು ಫ್ರಿಜ್ಜಿನಲ್ಲಿ ಇಲಿ ಇಡಲು ಒಪ್ಪುತ್ತಾಳೆಯೇ, ಕೇಳಿ ನೋಡಿ. ಎಲ್ಲಕ್ಕಿಂತ ಮುಖ್ಯ, ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಹೋಮ್ ಲೋನಿನ ಅವಧಿ ಸ್ವಾಮಿ! ನಮ್ಮ ವಯಸ್ಸಿನವರು ತಗೊಂಡರೆ ಗ್ಯಾರಂಟಿದಾರರು ಬೇಕು.

ಬಲ್ಲವರಿಗೂ ಇದು ಕಷ್ಟ. 1857ರಲ್ಲಿ ಶುರುವಾದ ನಮ್ಮೂರಿನ ಮೃಗಾಲಯಕ್ಕೆ 2014ರಲ್ಲಿ ಶ್ರೀಲಂಕಾದಿಂದ ಏಳು ಹಸಿರು ಅನಕೊಂಡಗಳು ಬಂದವು. ಜನ ಮುಗಿಬಿದ್ದು ನೋಡಿದರು. 2019ರಲ್ಲಿ ಎಂಟಮೀಬಾ ಎಂಬ ಕಣ್ಣಿಗೆ ಕಾಣದ ಜೀವಿಯ ಸೋಂಕಿನಿಂದ ಒಂದರ ಹಿಂದೆ ಒಂದು ಕೆಲವು ಸತ್ತವು. ಡಾಕ್ಟರು, ಸಿಬ್ಬಂದಿ ಎಲ್ಲ ಇದ್ದ ಜಾಗದಲ್ಲೇ ಹೀಗೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಯೂಟ್ಯೂಬ್ ನೋಡಿ ಸಾಕುವವರ ಪಾಡು?

"ಹಾಗಾದರೆ ಪ್ರೀತಿ ಇದ್ದವರು ಏನು ಮಾಡಬೇಕು?" ನ್ಯಾಯವಾದ ಪ್ರಶ್ನೆ. ದತ್ತು ತಗೊಳ್ಳಲು ದಾರಿ ಇದೆ. ನಮ್ಮ ಮೈಸೂರು ಮೃಗಾಲಯದಲ್ಲಿ 2001ರಿಂದ ಪ್ರಾಣಿ ದತ್ತು ಯೋಜನೆ ನಡೆಯುತ್ತಿದೆ. ಹಾವೊಂದರ ಖರ್ಚು ನೀವು ಕೊಡಿ, ಸಾಕುವುದನ್ನು ಅವರು ಮಾಡುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಜಿ ವಿನಾಯಿತಿಯೂ ಉಂಟು. ಇದನ್ನು ಹೇಳದಿದ್ದರೆ ನಾನು ಬ್ಯಾಂಕಿನವನೇ ಅಲ್ಲ.

ಇನ್ನೊಂದು ದಾರಿ ನಮ್ಮ ಹಿರಿಯರದ್ದು. ತುಳುನಾಡಿನ ನಾಗಬನ, ಇಲ್ಲಿನ ಸರ್ಪಕಾವು ಎರಡೂ ಒಂದೇ ಯೋಚನೆ. ಹರಿಪ್ಪಾಡಿನ ಮಣ್ಣಾರಶಾಲೆಗೆ ಹೋದವರು ನೋಡಿರುತ್ತಾರೆ, ದೇವಸ್ಥಾನ ಇರುವುದೇ ಮರಗಳ ಮಧ್ಯೆ. ಹಾವಿಗೆ ಅಂತ ಒಂದು ಮೂಲೆ ಬಿಟ್ಟು, ಅಲ್ಲಿ ಕತ್ತಿ ಹಾಕದೆ, ತಾವು ದೂರ ಇರುವುದು. ನಂಬಿಕೆ ಇರಲಿ ಬಿಡಲಿ, ಹಾವಿಗೆ ಮನೆ ಕೊಡುವ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಹಿಡಿದ ಹಾವನ್ನು ಎಲ್ಲೋ ದೂರದ ಕಾಡಿಗೆ ಒಯ್ದು ಬಿಟ್ಟರೂ ಅದಕ್ಕೆ ಸುಖವಿಲ್ಲ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದವರು, ದೂರ ಬಿಟ್ಟ ಹಾವು ನೆಲೆ ಸಿಗದೆ ಅಲೆಯುವುದನ್ನು ಕಂಡಿದ್ದಾರೆ. ಆ ಹುಡುಗ ಕಾಡಿನ ಬಗ್ಗೆ ಹೆದರಿದ್ದರಲ್ಲಿ ಅರ್ಧ ಸತ್ಯ ಇದೆ. ಆದರೆ ಅದಕ್ಕೆ ಪರಿಹಾರ ಗಾಜಿನ ಪೆಟ್ಟಿಗೆಯಲ್ಲ, ಸಿಕ್ಕ ಜಾಗದ ಹತ್ತಿರವೇ ತಿಳಿದವರ ಕೈಯಲ್ಲಿ ಬಿಡಿಸುವುದು.

ಕೇರೆ ಹಾವು (ಇಲ್ಲಿ 'ಚೇರ' ಅನ್ನುತ್ತಾರೆ, ನಮ್ಮ 'ಕ' ಇವರಿಗೆ 'ಚ') ಹಿತ್ತಲಲ್ಲಿ ಹೋದರೆ ಹೋಗಲಿ ಬಿಡಿ. ಇಲಿ ಹಿಡಿಯುವ ಕೆಲಸ ಸಂಬಳವಿಲ್ಲದೆ ಮಾಡುತ್ತದೆ. ನಾವು ಪರವೂರಿನವರು, ಈ ಊರು ನಮಗೂ ಒಂದು ಮೂಲೆ ಕೊಟ್ಟು ಸುಮ್ಮನೆ ಬಿಟ್ಟಿದೆ. ಹಾವು ಕೇಳುವುದೂ ಅಷ್ಟೇ.