ಅವ್ವನಿಗೊಂದು ಶಾರ್ಟ್‌ಕಟ್

ಕೋಥರೂಡದ ಬಾಡಿಗೆ ಮನೆಯಲ್ಲಿ ಕೂತು ದಿನವಿಡೀ ಕಂಟ್ರೋಲ್ ಸಿ, ಕಂಟ್ರೋಲ್ ವಿ, ಆಲ್ಟ್ ಟ್ಯಾಬ್ ಒತ್ತುತ್ತೇನೆ. ಮೌಸ್ ಮುಟ್ಟದೆ ಕೆಲಸ ಮುಗಿಸುವುದೇ ನನಗೆ ಹೆಮ್ಮೆ. ಆದರೆ ಧಾರವಾಡದಲ್ಲಿರುವ ಅವ್ವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳಲ್ಲಿ. 'ಇದು ನನಗ ಓದಾಕ ಬರೂದಿಲ್ಲೋ, ಫೋನ್ ಮಾಡು' ಅಂದಳು. ಜತೆಗಿರುವ ಮರಾಠಿ ಗೆಳೆಯ ತನ್ನ ಮನೆಗೆ ದೇವನಾಗರಿಯಲ್ಲೇ ಬರೆಯುತ್ತಾನೆ. ನಾಚಿಕೆಯಾಯಿತು.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದೆ. ಈಗ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿತವರಿಗಂತೂ 'ಕನ್ನಡ' ಎಂದು ಬರೆಯಲು ಐದೇ ಕೀಲಿ ಸಾಕು.

ಉಳಿದ ಶಾರ್ಟ್‌ಕಟ್‌ಗಳು ಉಳಿಸುವ ಸಮಯ ಕಂಪನಿಗೆ ಹೋಗುತ್ತದೆ. ಇದೊಂದು ಮಾತ್ರ ಮನೆಗೆ ತಲುಪುತ್ತದೆ. ಹೊರನಾಡಿನ ಗೆಳೆಯರೇ, ಇಂದೇ ಒತ್ತಿ ನೋಡಿ.