ಸನದ್ ಕೇಳದ ಸಮಾಜ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆ ಒಂದೇ ಬಗೆಯದು. ವಿಜ್ಞಾನ, ಆಮೇಲೆ ಕಂಪ್ಯೂಟರ್, ಆಮೇಲೆ ಬೆಂಗಳೂರು ಅಥವಾ ಗಲ್ಫ್. ಪಿಯುಸಿಯಲ್ಲಿ ತರ್ಕಶಾಸ್ತ್ರವೆಂಬ ವಿಷಯವೂ ಇದೆಯೆಂದು ಯಾರಾದರೂ ನೆನಪಿಸಿದರೆ, ‘ಅದರಿಂದ ಹೊಟ್ಟೆ ತುಂಬೀತೇ?’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಹೊಟ್ಟೆಯ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಲಾಲ್ ದುಡಿಮೆಗೆ ಮಕ್ಕಳನ್ನು ಅಣಿಗೊಳಿಸುವುದು ತಂದೆತಾಯಿಯ ಹೊಣೆ. ಆದರೆ ಯಂತ್ರ ನಡೆಸುವುದನ್ನು ಕಲಿಸುವವರು ಬೀದಿಗೊಬ್ಬರಿರುವಾಗ, ಯಂತ್ರ ತಂದೊಪ್ಪಿಸಿದ ಮಾತನ್ನು ತೂಗಿ ನೋಡಲು ಕಲಿಸುವವರು ಎಲ್ಲಿದ್ದಾರೆ?

ಇದು ಪಂಡಿತರ ಕಾಲಹರಣದ ಪ್ರಶ್ನೆಯಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ಹಳ್ಳಿಯ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು. ಕಳ್ಳರು ಮಿಠಾಯಿ ಕೊಡುತ್ತಾರೆಂದ ಮಾತ್ರಕ್ಕೆ ಮಿಠಾಯಿ ಕೊಟ್ಟವರೆಲ್ಲ ಕಳ್ಳರಾಗುವುದಿಲ್ಲ ಎಂಬುದನ್ನು ಮದ್ರಸದಲ್ಲಿ ಮನ್ತಿಕ್ ಓದುವ ಮೊದಲ ವರ್ಷದ ಹುಡುಗನೂ ಬಲ್ಲ. ಅಂದು ರಸ್ತೆಗೆ ಅಡ್ಡ ನಿಂತವರ ಕೈಯಲ್ಲಿ ಮೊಬೈಲ್ ಇತ್ತು, ಇಷ್ಟು ಚಿಕ್ಕ ತರ್ಕ ಇರಲಿಲ್ಲ. ಅದೇ ತಿಂಗಳು ಆ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿಯನ್ನು ಘೋಷಿಸಿತು. ಒಳ್ಳೆಯದೇ. ಆದರೆ ಸುಳ್ಳು ಐದೇ ಮಂದಿಗೆ ತಲುಪಿದರೂ ಆ ಐವರೊಳಗೆ ‘ಇದನ್ನು ಹೇಳಿದವರು ಯಾರು?’ ಎಂಬ ಪ್ರಶ್ನೆಯನ್ನು ಹುಟ್ಟಿಸುವ ತಂತ್ರಜ್ಞಾನ ಇನ್ನೂ ಬಂದಿಲ್ಲ.

ಆ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಸುದ್ದಿ ಬಂದಾಗ ಪರಿಶೀಲಿಸಿರೆಂಬ ಆದೇಶ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ನಮ್ಮ ಮುಹದ್ದಿಸರು ಆ ಆದೇಶವನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ವರದಿ ಮಾಡಿದವನು ಯಾರು, ಆತ ಕೇಳಿದ್ದು ಯಾರಿಂದ, ಅವರಿಬ್ಬರೂ ನಿಜಕ್ಕೂ ಭೇಟಿಯಾಗಿದ್ದರೇ, ಆತನ ನೆನಪು ಗಟ್ಟಿಯೇ ಎಂದೆಲ್ಲ ಸಾವಿರಾರು ಮಂದಿಯ ಬದುಕನ್ನು ಜಾಲಾಡಿದರು. ಇಂದು ಅದೇ ಪರಂಪರೆಯ ಯುವಕರು ತಲಾಕ್‌ನಿಂದ ಹಿಡಿದು ಬಡ್ಡಿಯವರೆಗೆ ಎಲ್ಲವನ್ನೂ ಚಾಟ್‌ಜಿಪಿಟಿಯಲ್ಲಿ ಕೇಳುತ್ತಾರೆ. ಅದು ಓದಿದ ಅಪಾರ ಬರಹದಿಂದ ಒಂದು ಪದದ ಬಳಿಕ ಬರಬಹುದಾದ ಇನ್ನೊಂದು ಪದವನ್ನು ಅಂದಾಜಿಸಿ ಹೆಣೆಯುವ ಯಂತ್ರ. ಇಲ್ಲದ ಹದೀಸ್‌ಗೂ ಗ್ರಂಥದ ಹೆಸರು, ಕ್ರಮಸಂಖ್ಯೆಗಳನ್ನು ಜೋಡಿಸಿಕೊಡಬಲ್ಲದು. ಮತ್ನ್ ಅಚ್ಚುಕಟ್ಟಾಗಿದೆ, ಸನದ್ ಇಲ್ಲ. ಭಾಷೆ ಚೆಂದವಿದೆಯೆಂದು ನಂಬುವವನಿಗೆ ಇಮಾಮ್ ಬುಖಾರಿಯವರ ಹೆಸರು ಹೇಳುವ ಅರ್ಹತೆ ಇದೆಯೇ?

ಇಲ್ಲಿ ಧಾರ್ಮಿಕ ವಲಯದಿಂದಲೇ ಒಂದು ಆಕ್ಷೇಪ ಬರುತ್ತದೆ: ತತ್ವಚಿಂತನೆ ಈಮಾನನ್ನು ಕೆಡಿಸುತ್ತದೆ, ಇಮಾಮ್ ಗಝಾಲಿಯವರೇ ಅದನ್ನು ಖಂಡಿಸಿದ್ದಾರೆ. ಹೀಗೆನ್ನುವವರು ಗಝಾಲಿಯವರನ್ನು ಓದಿದ್ದಾರೆಯೇ ಎಂಬುದು ನಮ್ಮ ಸಂಶಯ. ಬಗ್ದಾದಿನಲ್ಲಿ ಪಾಠ ಹೇಳುತ್ತಿದ್ದಾಗ, ಬಿಡುವಿನ ವೇಳೆಯಲ್ಲಿ, ಅವರು ಸುಮಾರು ಎರಡು ವರ್ಷ ದಾರ್ಶನಿಕರ ಕೃತಿಗಳನ್ನು ಓದಿದರು, ಮತ್ತೊಂದು ವರ್ಷದಷ್ಟು ಕಾಲ ಅದನ್ನೇ ಮೆಲುಕು ಹಾಕಿದರು. ಆ ಬಳಿಕ ‘ತಹಾಫುತುಲ್ ಫಲಾಸಿಫಾ’ದಲ್ಲಿ ಇಪ್ಪತ್ತು ವಿಷಯಗಳನ್ನು ಎತ್ತಿಕೊಂಡು ಒಂದೊಂದನ್ನೂ ತರ್ಕದಿಂದಲೇ ಎದುರಿಸಿದರು. ಮುಂದೆ ಉಸೂಲುಲ್ ಫಿಕ್‌ಹ್‌ನ ಮೇರುಕೃತಿಯಾದ ‘ಅಲ್ ಮುಸ್ತಸ್ಫಾ’ದ ಆರಂಭದಲ್ಲೇ ಮನ್ತಿಕ್‌ಗೆ ಸ್ಥಾನ ಕೊಟ್ಟರು. ಓದದೆ ಬಾಗಿಲು ಮುಚ್ಚುವವರು ಗಝಾಲಿಯವರ ಹೆಸರಿನ ಹಿಂದೆ ಅಡಗಬಾರದು. ಅವರಿಗೆ ಉತ್ತರ ಬರೆದ ಇಬ್ನ್ ರುಶ್ದ್ ಕೂಡ ಕುರ್ತುಬಾದ ಖಾಝಿಯಾಗಿದ್ದವರು, ಧರ್ಮದ್ರೋಹಿಯಲ್ಲ. (ಮಿರ್‌ಕಾತ್, ಸುಲ್ಲಮ್‌ಗಳನ್ನು ಬಾಯಿಪಾಠ ಮಾಡಿಸಿ, ಅದರ ಒಂದು ಸೂತ್ರವನ್ನೂ ಪತ್ರಿಕೆಯ ಸುದ್ದಿಗೆ ಅನ್ವಯಿಸಿ ತೋರಿಸದ ದರ್ಸ್‌ಗಳ ಕುರಿತು ಇನ್ನೊಮ್ಮೆ ಬರೆಯಬೇಕು.)

ಅಲ್ಗಾರಿದಮ್ ಎಂಬ ಪದ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದೆಂದು ವೇದಿಕೆಗಳಲ್ಲಿ ಹೆಮ್ಮೆಪಡುವ ರೂಢಿ ನಮ್ಮಲ್ಲಿದೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅವರು ಬೀಜಗಣಿತದ ಗ್ರಂಥ ಬರೆದಾಗ ಅದರ ದೊಡ್ಡದೊಂದು ಭಾಗವನ್ನು ವಸಿಯ್ಯತ್ ಮತ್ತು ವಾರೀಸು ಹಕ್ಕಿನ ಲೆಕ್ಕಗಳಿಗೇ ಮೀಸಲಿಟ್ಟರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಯಾರಿಗೆ ಎಷ್ಟು ಸಲ್ಲಬೇಕು ಎಂಬ ನ್ಯಾಯದ ಪ್ರಶ್ನೆಗೆ ಅಲ್ಲಿ ಗಣಿತ ಊಳಿಗ ಮಾಡುತ್ತಿತ್ತು. ಈಗ ಪಾಲು ಎಣಿಸಿಕೊಡುವ ಆ್ಯಪ್‌ಗಳಿವೆ. ಮಗನಿಗೆ ಎರಡು, ಮಗಳಿಗೆ ಒಂದು ಎಂದು ಅರೆಕ್ಷಣದಲ್ಲಿ ಹೇಳುತ್ತವೆ. ಆ ಒಂದನ್ನೂ ‘ತಂಗಿಯೇ ಬೇಡವೆಂದಳು’ ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ ಅಣ್ಣನನ್ನು, ಅವಳು ಬೇಡವೆಂದದ್ದು ಇಷ್ಟದಿಂದಲೋ ದಾಕ್ಷಿಣ್ಯದಿಂದಲೋ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದಲೋ ಎಂದು ಯಾವ ಆ್ಯಪ್ ಕೇಳುತ್ತದೆ? ಕೇಳಬೇಕಾದ ಹಿರಿಯರು ಅದೇ ಮನೆಯಲ್ಲಿ ಊಟ ಮುಗಿಸಿ, ಕೈ ತೊಳೆದು, ದುಆ ಮಾಡಿ ಎದ್ದಿರುತ್ತಾರೆ.